ತುಪ್ಪಳದೊಳಗಿನ ಕಾವಲುಗಾರ: ಪೊಮೆರೇನಿಯನ್

ಗೇಟಿನ ಚಿಲಕ ಸದ್ದಾಗುವ ಮೊದಲೇ ಪೊಮೆರೇನಿಯನ್ ಕಿವಿ ನಿಮಿರಿಸುತ್ತದೆ. ಹಾಲಿನವರು ಬರಲಿ, ಕೊರಿಯರ್ ಬರಲಿ, ಬೊಗಳದೆ ಒಳಗೆ ಬಿಡದು. ಬಾಲ್ಟಿಕ್ ಕಡಲ ದಂಡೆಯ ಪೊಮೆರೇನಿಯಾ ಪ್ರಾಂತ್ಯದ ಸ್ಪಿಟ್ಜ್ ನಾಯಿಗಳು ಇದರ ಪೂರ್ವಜರು. ಅವು ಗಾತ್ರದಲ್ಲಿ ಬಹಳ ದೊಡ್ಡವು. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸಿನಿಂದ ಮಾರ್ಕೋ ಎಂಬ ನಾಯಿಯನ್ನು ತಂದಮೇಲೆ ಇಂಗ್ಲೆಂಡಿನಲ್ಲಿ ಈ ತಳಿಗೆ ಬೇಡಿಕೆ ಏರಿತು, ಚಿಕ್ಕವನ್ನೇ ಆರಿಸಿ ಬೆಳೆಸುವ ರೂಢಿ ಬಲವಾಯಿತು. ಇಂದು ಅದರ ತೂಕ ಎರಡು ಮೂರು ಕಿಲೋ. ದೇಹ ಕುಗ್ಗಿತು, ಕಾವಲಿನ ಸ್ವಭಾವ ಕುಗ್ಗಲಿಲ್ಲ.

ನಮ್ಮ ಬೀದಿಗಳಲ್ಲಿ ‘ಪಾಮ್’ ಎಂದು ಕರೆಸಿಕೊಳ್ಳುವ, ಆರೇಳು ಕಿಲೋ ತೂಗುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ನಾಯಿ ಟಫಿ ಇದೇ ತಳಿಯದು. ಎರಡಕ್ಕೂ ಆರೈಕೆ ಹೆಚ್ಚುಕಡಿಮೆ ಒಂದೇ.

ಬೊಗಳಿದಾಗ ಗದರಬೇಡಿ, ಅದರ ಉದ್ರೇಕ ಇನ್ನಷ್ಟು ಏರುತ್ತದೆ. ‘ಸಾಕು’ ಎಂದು ಮೆಲ್ಲಗೆ ಹೇಳಿ, ಸುಮ್ಮನಾದ ಕ್ಷಣದಲ್ಲೇ ಒಂದು ತುಣುಕು ತಿಂಡಿ ಕೊಡಿ. ಮರಿಯಿದ್ದಾಗಲೇ ಮನೆಯವರೆಲ್ಲ ಇದನ್ನು ಪಾಲಿಸಿದರೆ ಬೇಗ ಕಲಿಯುತ್ತದೆ, ಚುರುಕು ಬುದ್ಧಿಯ ನಾಯಿ ಇದು. ಪುಟ್ಟ ಮಕ್ಕಳ ಕೈಗೆ ಮಾತ್ರ ಎತ್ತಿಕೊಡಬೇಡಿ, ಜಾರಿ ಬಿದ್ದರೆ ಕಡ್ಡಿಯಂಥ ಮುಂಗಾಲು ಮುರಿಯುತ್ತದೆ.

ಇನ್ನು ಕೂದಲು. ಕಿವಿಯ ಹಿಂದೆ ಬೆರಳಿನಿಂದ ಬಿಡಿಸಿ ನೋಡಿ: ಮೇಲೆ ಉದ್ದನೆಯ ಒರಟು ಕೂದಲು, ಅಡಿಯಲ್ಲಿ ಗಿಡ್ಡನೆಯ ದಟ್ಟ ತುಪ್ಪಳ. ಗಂಟು ಕಟ್ಟುವುದು ಇಲ್ಲೇ. ಕಂಕುಳಲ್ಲಿ, ಪಟ್ಟಿ ಉಜ್ಜುವ ಜಾಗದಲ್ಲಿಯೂ ಹಾಗೆಯೇ. ವಾರಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ, ಪದರ ಪದರವಾಗಿ ಬುಡದಿಂದ ಬಾಚಬೇಕು. ಗಂಟು ಬಿಡಿಸದೆ ಸ್ನಾನ ಮಾಡಿಸಿದರೆ ಅದು ಇನ್ನೂ ಬಿಗಿಯುತ್ತದೆ. ಬಾಚುವಾಗಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಹುಡುಕಿ. ಉಣುಗಿನಿಂದ ಬರುವ ಜ್ವರ ನಾಯಿಯ ಪ್ರಾಣಕ್ಕೇ ಕುತ್ತು ತಂದೀತು.

ಬೇಸಿಗೆ ಬಂತೆಂದರೆ ಕನಿಕರದಿಂದ ಬೋಳಿಸಿಬಿಡುವವರಿದ್ದಾರೆ. ದಯವಿಟ್ಟು ಬೇಡ. ನಾಯಿ ನಮ್ಮಂತೆ ಮೈಯೆಲ್ಲ ಬೆವರದು, ಏದುಸಿರು ಬಿಟ್ಟು ತಂಪಾಗುತ್ತದೆ. ಚರ್ಮಕ್ಕೆ ಬಿಸಿಲು ತಾಗದಂತೆ ತಡೆಯುವುದೇ ಈ ಕೂದಲು. ಬೋಳಿಸಿದ ಮೇಲೆ ಕೆಲವಕ್ಕೆ ತೇಪೆ ತೇಪೆಯಾಗಿ ಬರುತ್ತದೆ, ಕೆಲವಕ್ಕೆ ಹಿಂದಿನಂತೆ ಬರುವುದೇ ಇಲ್ಲ. ಹೀಗಿದ್ದರೂ ಕಲಬುರಗಿ, ಬಳ್ಳಾರಿಯ ಬಿಸಿಲು ಇದಕ್ಕೆ ಹೇಳಿಸಿದ್ದಲ್ಲ. ಮಧ್ಯಾಹ್ನ ಹೊರಗೆ ಕರೆದೊಯ್ಯಬೇಡಿ, ತಣ್ಣನೆಯ ನೆಲ, ಫ್ಯಾನು, ಕುಡಿಯುವ ನೀರು ಸದಾ ಇರಲಿ.

ಕುತ್ತಿಗೆಪಟ್ಟಿಗೆ ಹಗ್ಗ ಕಟ್ಟಿ ಎಳೆದರೆ ಇದರ ಮೆದು ಶ್ವಾಸನಾಳಕ್ಕೆ ಪೆಟ್ಟು. ಎದೆಪಟ್ಟಿಯೇ ಸರಿ. ಹೆಬ್ಬಾತಿನಂತೆ ಕೊಂಯ್ ಎಂದು ಕೆಮ್ಮಿದರೆ ಪಶುವೈದ್ಯರಿಗೆ ತೋರಿಸಿ. ಬರೀ ಮೊಸರನ್ನ, ಹಾಲು–ಬ್ರೆಡ್ಡಿನಲ್ಲಿ ಬೆಳೆಸಿದರೆ ಪ್ರೋಟೀನ್ ಸಾಲದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ವಿಷ. ಪಾಯಸದ ಒಣದ್ರಾಕ್ಷಿಯೂ ಅಷ್ಟೇ. ಹಲ್ಲು ಬೇಗ ಕೆಡುವ ತಳಿಯಾದ್ದರಿಂದ ನಾಯಿಗೆಂದೇ ಇರುವ ಪೇಸ್ಟಿನಲ್ಲಿ ಉಜ್ಜಬೇಕು.

ಚೆನ್ನಾಗಿ ನೋಡಿಕೊಂಡರೆ 12ರಿಂದ 16 ವರ್ಷ ಬಾಳುತ್ತದೆ. ಜನರ ಕಾಲಡಿಯಲ್ಲೇ ಇರಬಯಸುವ ಜೀವ. ಬೆಳಗಿನಿಂದ ಸಂಜೆವರೆಗೆ ಬೀಗ ಹಾಕಿರುವ ಮನೆ ನಿಮ್ಮದಾದರೆ, ಈ ತಳಿಯನ್ನು ತರಬೇಡಿ.