ಜೀಪಿನ ನೆತ್ತಿಗೆ ಎಂಥ ತಗಡು?

ಹಾಸನದ ಸೀಮೆಯಲ್ಲಿ ಜೀಪೆಂಬುದು ಬರಿಯ ವಾಹನವಲ್ಲ. ಮನೆಯ ಆಳೂ ಹೌದು, ಅಂಬಾರಿಯೂ ಹೌದು. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟಕ್ಕೆ, ಹೊಳೆನರಸೀಪುರದ ಕಡೆ ಹೇಮಾವತಿಯ ದಂಡೆಯ ಗದ್ದೆಗೆ, ಅರಕಲಗೂಡಿನ ಕಡೆ ಹೊಗೆಸೊಪ್ಪು, ಆಲೂಗೆಡ್ಡೆಗಳ ಹೊಲಕ್ಕೆ ಅದು ಹೋಗಬೇಕು. ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಸಕಲೇಶಪುರದ ಘಟ್ಟವನ್ನೂ ತೋರಿಸಿಕೊಂಡು ಬರಬೇಕು. 1947ರಲ್ಲಿ ಮಹೀಂದ್ರಾ ಸಂಸ್ಥೆಯವರು ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದಂದಿನಿಂದ ಈ ಜಾತಿಯ ವಾಹನಗಳಿಗೆ ಬಹುಮಟ್ಟಿಗೆ ಕ್ಯಾನ್ವಾಸೇ ಸೂರು. ಕ್ಯಾನ್ವಾಸು ಚನ್ನರಾಯಪಟ್ಟಣದ ಬಿಸಿಲಿಗೆ ಜೀರ್ಣವಾಗುತ್ತದೆ. ಘಟ್ಟದ ಮಳೆಗೆ ಹೊಲಿಗೆಗಳಲ್ಲಿ ತೊಟ್ಟಿಕ್ಕುತ್ತದೆ. ಆಗ ಯಜಮಾನರಿಗೆ ಹೊಳೆಯುವ ಉಪಾಯವೊಂದೇ: ಅಲ್ಯೂಮಿನಿಯಮ್ ತಗಡು ಹೊದಿಸಿಬಿಡುವುದು.

ಉಪಾಯವೇನೋ ಒಳ್ಳೆಯದೇ. ಅದಕ್ಕೆ ಹಿರಿಯರ ಮೇಲ್ಪಂಕ್ತಿಯೂ ಉಂಟು. ಎರಡನೆಯ ಮಹಾಯುದ್ಧದ ಬಳಿಕ ಇಂಗ್ಲೆಂಡಿನಲ್ಲಿ ಉಕ್ಕಿಗೆ ಅಭಾವ ತಲೆದೋರಿದಾಗ, 1948ರಲ್ಲಿ ಹೊರಬಂದ ಲ್ಯಾಂಡ್ ರೋವರ್ ವಾಹನಕ್ಕೆ ಅಲ್ಯೂಮಿನಿಯಮ್ ಮಿಶ್ರಲೋಹದ ಮೈಯನ್ನೇ ತೊಡಿಸಿದರು. ಬಡತನದಲ್ಲಿ ಹುಟ್ಟಿದ ಈ ಏರ್ಪಾಡು, ಕೊರತೆ ತೀರಿದ ಮೇಲೂ ದಶಕಗಳ ಕಾಲ ಉಳಿದುಬಂತು.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಅಂಗಡಿಯಲ್ಲಿ ಒರಗಿಸಿಟ್ಟ ತಗಡುಗಳೆಲ್ಲ ಕಣ್ಣಿಗೆ ಒಂದೇ. ದಪ್ಪವಾದುದೇ ಗಟ್ಟಿಯೆಂದು ಕೊಂಡವರು ಮೋಸಹೋಗುವುದುಂಟು. ಒಂದು ಸಣ್ಣ ಲೆಕ್ಕವನ್ನು ನೋಡಿ. ಎರಡು ಮೀಟರ್ ಉದ್ದ, 1.4 ಮೀಟರ್ ಅಗಲದ ಸೂರಿಗೆ ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಹಾಕಿದರೆ ತೂಕ ಸುಮಾರು 22 ಕಿಲೋಗ್ರಾಂ. ಅಲ್ಯೂಮಿನಿಯಮ್ಮಿನ ಸಾಂದ್ರತೆ ಉಕ್ಕಿನದರ ಮೂರರಲ್ಲೊಂದು ಪಾಲು. ಆದರೆ ಬಾಗದೆ ನಿಲ್ಲುವ ಬಿಗುವೂ ಮೂರರಲ್ಲೊಂದು ಪಾಲೇ. ಅದೇ ಬಿಗುವು ಬೇಕಾದರೆ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ ಸಾಕು. ಆಗ ತೂಕ ಹನ್ನೊಂದೂ ಚಿಲ್ಲರೆ ಕಿಲೋಗ್ರಾಂ, ಅಂದರೆ ಅರ್ಧ. ಇನ್ನೂ ಗಟ್ಟಿಯಾಗಿರಲೆಂದು ಮೂರು ಮಿಲಿಮೀಟರ್ ತಗಡು ತಂದಿರೋ, ತೂಕ ಮತ್ತೆ ಉಕ್ಕಿನಷ್ಟೇ ಆಯಿತು! ಇನ್ನೊಂದು ಎಚ್ಚರ: ಗೇಜಿನ ಲೆಕ್ಕದಲ್ಲಿ ಅಂಕೆ ಹೆಚ್ಚಿದಷ್ಟೂ ತಗಡು ತೆಳುವು. 16 ಗೇಜ್ ಸುಮಾರು 1.6 ಮಿಲಿಮೀಟರ್, 18 ಗೇಜ್ ಕೇವಲ 1.2.

ದಪ್ಪಕ್ಕಿಂತ ಮುಖ್ಯವಾದುದು ಜಾತಿ. ಅಡುಗೆಮನೆಯ 'ಸಿಲ್ವರ್' ಪಾತ್ರೆಯಂತಹ ಹೆಚ್ಚುಕಡಿಮೆ ಶುದ್ಧವಾದ ಅಲ್ಯೂಮಿನಿಯಮ್ ಮೃದು. ಮರದ ಕೊಂಬೆ ತಾಕಿದರೂ ತಗ್ಗು ಬೀಳುತ್ತದೆ. ಶೇಕಡಾ ಎರಡೂವರೆಯಷ್ಟು ಮೆಗ್ನೀಸಿಯಮ್ ಬೆರೆತ 5052 ಎಂಬ ಮಿಶ್ರಲೋಹ ಸೂರಿಗೆ ಹೇಳಿ ಮಾಡಿಸಿದಂತಿದೆ. ಬಗ್ಗಿಸಿದರೆ ಬಗ್ಗುತ್ತದೆ, ನೀರಿಗೆ ಅಂಜುವುದಿಲ್ಲ. ಅದರಲ್ಲಿ ಎಚ್-32 ಎಂಬ ಹದವನ್ನು ಕೇಳಿ ಪಡೆಯಿರಿ. 6061 ಟಿ-6 ಎಂಬುದು ಹೆಚ್ಚು ಬಲಶಾಲಿಯಾದರೂ ಅಂಚನ್ನು ಕಿರಿದಾಗಿ ಮಡಿಸಹೋದರೆ ಬಿರಿಯುತ್ತದೆ. ಅಂಕೆಯನ್ನು ಬಾಯಿಮಾತಿನಲ್ಲಿ ನಂಬದೆ ತಗಡಿನ ಮೇಲಿನ ಮುದ್ರೆಯನ್ನೋ ಕಾರ್ಖಾನೆಯ ಪತ್ರವನ್ನೋ ನೋಡಿಕೊಳ್ಳುವುದು ಕ್ಷೇಮ.

ಇನ್ನು ಆಕಾರ. ಚಪ್ಪಟೆಯಾಗಿ ಹಾಸಿದ ತಗಡು ಹಳ್ಳಿಯ ರಸ್ತೆಯಲ್ಲಿ ತಮಟೆಯಾಗುತ್ತದೆ. ಅದರ ಮೇಲೆ ನೀರೂ ನಿಲ್ಲುತ್ತದೆ. ನಡುವೆ ತುಸು ಉಬ್ಬು ಕೊಟ್ಟು, ಉದ್ದಕ್ಕೂ ನಾಲ್ಕಾರು ಏಣುಗಳನ್ನು ಒತ್ತಿಸಿದರೆ ತೂಕ ಕೂಡದೆ ಬಿಗುವು ಬರುತ್ತದೆ, ಮಳೆ ಹರಿದುಹೋಗುತ್ತದೆ.

ಸೂರು ಕೆಡುವುದು ಸಾಮಾನ್ಯವಾಗಿ ತಗಡಿನಿಂದಲ್ಲ, ಬೆಸುಗೆಯಿಂದ. ಸಿಲ್ವರ್ ಪಾತ್ರೆಯಲ್ಲಿ ಹುಣಸೆಯ ಹುಳಿಯನ್ನು ರಾತ್ರಿಯೆಲ್ಲ ಇಡಬಾರದೆಂದು ನಮ್ಮ ಗೃಹಿಣಿಯರು ಬಲ್ಲರು. ಅಂತಹ ಕೇಡೇ ಇಲ್ಲಿಯೂ ಬರುತ್ತದೆ, ಕಾರಣ ಮಾತ್ರ ಬೇರೆ. ಅಲ್ಯೂಮಿನಿಯಮ್ ತಗಡು ಉಕ್ಕಿನ ಚೌಕಟ್ಟಿಗೆ ನೇರವಾಗಿ ತಾಕಿ, ನಡುವೆ ಮಳೆನೀರು ಸೇರಿದರೆ ಅದೊಂದು ಪುಟ್ಟ ವಿದ್ಯುತ್ಕೋಶವಾಗಿ ಅಲ್ಯೂಮಿನಿಯಮ್ಮನ್ನು ಸವೆಸುತ್ತದೆ. ಬಿಳಿಯ ಪುಡಿ ಉದುರತೊಡಗುತ್ತದೆ. ಆದುದರಿಂದ ಚೌಕಟ್ಟಿಗೆ ಚೆನ್ನಾಗಿ ಬಣ್ಣ ಬಳಿದು, ನಡುವೆ ರಬ್ಬರಿನ ಪಟ್ಟಿ ಇಟ್ಟು, ಅಲ್ಯೂಮಿನಿಯಮ್ ರಿವೆಟ್ಟನ್ನೇ ಹೊಡೆಸಬೇಕು. ಬಿಸಿಲೇರಿದಾಗ ಅಲ್ಯೂಮಿನಿಯಮ್ ಉಕ್ಕಿಗಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. ಉಷ್ಣಾಂಶ 40 ಡಿಗ್ರಿಗಳಷ್ಟು ಏರಿದರೆ ಎರಡು ಮೀಟರ್ ತಗಡು ಹಿಗ್ಗುವುದು 1.8 ಮಿಲಿಮೀಟರ್, ಅಷ್ಟೇ ಉದ್ದದ ಉಕ್ಕು ಒಂದು ಮಿಲಿಮೀಟರಿನೊಳಗೆ. ಈ ಎಳೆದಾಟವನ್ನು ತಾಳಿಕೊಳ್ಳಲು ಸಂದುಗಳಿಗೆ ಒಣಗಿ ಕಲ್ಲಾಗುವ ಲಪ್ಪವಲ್ಲ, ರಬ್ಬರಿನಂತೆ ಹಿಗ್ಗುವ ಅಂಟು ಬೇಕು.

ಸೆಕೆಯ ಮಾತೂ ಉಂಟು. ಹೊರಗೆ ಬಿಳಿಯ ಬಣ್ಣ, ಒಳಗೆ ಫೋಮಿನ ಅಸ್ತರಿ ಇದ್ದರೆ ಬೇಸಗೆಯ ಕಾವೂ ತಗ್ಗುತ್ತದೆ, ಚಳಿಗಾಲದ ಬೆಳಗಿನಲ್ಲಿ ಒಳಗೆ ಹನಿಗಟ್ಟುವುದೂ ತಪ್ಪುತ್ತದೆ. ಉಷ್ಣದೇಶಗಳಿಗೆಂದು ಲ್ಯಾಂಡ್ ರೋವರಿನವರು ಸೂರಿನ ಮೇಲೆ ಇನ್ನೊಂದು ತಗಡನ್ನು ಗಾಳಿ ಆಡುವಷ್ಟು ಅಂತರ ಬಿಟ್ಟು ಹೊದಿಸುತ್ತಿದ್ದರು: ಸೂರಿಗೇ ಒಂದು ಚಪ್ಪರ!

ಎಲ್ಲಕ್ಕೂ ಮಿಗಿಲಾದುದು ಒಳಗೆ ಕುಳಿತವರ ಜೀವ. ತಗಡು ಮಳೆ ಬಿಸಿಲುಗಳನ್ನು ತಡೆದೀತು. ಜೀಪು ಮಗುಚಿದರೆ ತಲೆ ಕಾಯಲಾರದು. ಆ ಕೆಲಸ ಕೆಳಗಿನ ಉಕ್ಕಿನ ಚೌಕಟ್ಟಿನದು. ಮೂಟೆಗಳ ಭಾರವೂ ತಗಡಿನ ಮೇಲಲ್ಲ, ಆ ಚೌಕಟ್ಟಿನ ಮೇಲೆಯೇ ಬೀಳಬೇಕು. ನೆತ್ತಿಯ ಮೇಲೆ ಭಾರ ಹೆಚ್ಚಿದಷ್ಟೂ ಘಟ್ಟದ ತಿರುವಿನಲ್ಲಿ ವಾಹನ ಓಲಾಡುತ್ತದೆ. ಹಗುರವಾದ ಸೂರು ಬೇಕೆನ್ನುವುದು ಚೆಲುವಿಗಾಗಿಯಲ್ಲ, ಇದಕ್ಕಾಗಿ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಗೊತ್ತುಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ತಗಡಿಗೆ ಕತ್ತರಿ ಹಾಕಿಸುವ ಮುನ್ನ ಹಾಸನದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಪ್ಪಿಗೆ ದೊರೆಯದಿದ್ದರೆ ಒಳ್ಳೆಯದೊಂದು ಕ್ಯಾನ್ವಾಸು ಹೊಲಿಸಿಕೊಳ್ಳುವುದೇ ಜಾಣತನ. ದೊರೆತರೆ, ಅಂಗಡಿಯವನನ್ನು ಬೆಲೆ ಕೇಳುವುದಕ್ಕೆ ಮೊದಲು ತಗಡಿನ ಅಂಕೆಯನ್ನು ಕೇಳಿ.