ಫೋನ್‌ನಲ್ಲಿ ಓಡೋ ಗೇಮ್ ಸ್ವಿಚ್ 2ಗೆ ಯಾಕೆ ಸೀದಾ ಹೋಗಲ್ಲ?

ಹತ್ತರಗಿಯಿಂದ ಮಾತಾಡ್ತಿದ್ದೀನಿ. ಹೋದ ವಾರ ಡಿಪ್ಲೊಮಾ ಓದೋ ಹುಡುಗನೊಬ್ಬ ವಾಯ್ಸ್ ಮೆಸೇಜ್ ಕಳಿಸಿದ್ದ. ಕಬ್ಬಿನ ಟ್ರ್ಯಾಕ್ಟರ್ ಓಡಿಸೋ ಸಣ್ಣ ಗೇಮ್ ಒಂದನ್ನ ಗೊಡೋ ಅನ್ನೋ ಎಂಜಿನ್‌ನಲ್ಲಿ ಮಾಡಿದ್ದಾನೆ. ಅವನ ಪ್ರಶ್ನೆ ಇಷ್ಟು: "ಅಣ್ಣಾ, ಗೇಮ್ ಫೋನ್‌ನಾಗ ಚಲೋ ಓಡತೈತಿ. ಕಂಪ್ಯೂಟರಿಗೂ ಎಕ್ಸ್‌ಪೋರ್ಟ್ ಆತು. ಸ್ವಿಚ್ 2ಗೆ ಹಾಕೂ ಆಪ್ಷನ್ ಎಲ್ಲೈತಿ? ಕಾಣವಲ್ದು."

ತಮ್ಮಾ, ನೀನು ಹುಡುಕಿದ್ದು ಸರೀನೇ ಇದೆ. ಆ ಆಪ್ಷನ್ ಅಲ್ಲಿ ಇಲ್ಲ. ಯಾಕಿಲ್ಲ ಅನ್ನೋದೇ ಇವತ್ತಿನ ಎಪಿಸೋಡು.

ಮೊದಲು, ಎಂಜಿನ್ ಏನು ಮಾಡುತ್ತೆ ನೋಡೋಣ. ಸಂಕೇಶ್ವರದ ಸಂತೆಯಲ್ಲಿ ಮೆಣಸಿನಕಾಯಿ ಮಾರೋರನ್ನ ನೋಡಿರ್ತೀರಿ. ಒಬ್ಬರ ಜೊತೆ ಕನ್ನಡ, ಮುಂದಿನವರ ಜೊತೆ ಮರಾಠಿ, ಲಾರಿ ಡ್ರೈವರ್ ಬಂದ್ರೆ ಹಿಂದಿ. ಮೆಣಸಿನಕಾಯಿ ಮಾತ್ರ ಅದೇ. ಗೇಮ್ ಎಂಜಿನ್ನೂ ಹಂಗೇ. ಪರದೆ ಮೇಲೆ ಚಿತ್ರ ಬಿಡಿಸೋ ಗ್ರಾಫಿಕ್ಸ್ ಚಿಪ್ ಜೊತೆ ಮಾತಾಡೋಕೆ ಒಂದೊಂದು ಯಂತ್ರಕ್ಕೆ ಒಂದೊಂದು ಭಾಷೆ ಇದೆ. ಆಂಡ್ರಾಯ್ಡ್‌ನಲ್ಲಿ ವಲ್ಕನ್ ಅಥವಾ ಓಪನ್‌ಜಿಎಲ್ ಇಎಸ್, ಐಫೋನಿನಲ್ಲಿ ಮೆಟಲ್, ವಿಂಡೋಸ್ ಮತ್ತು ಎಕ್ಸ್‌ಬಾಕ್ಸ್‌ನಲ್ಲಿ ಡೈರೆಕ್ಟ್‌ಎಕ್ಸ್. ಪ್ಲೇಸ್ಟೇಷನ್‌ಗೆ ಸೋನಿಯದ್ದೇ ಬೇರೆ. ಮೊದಲ ಸ್ವಿಚ್‌ಗಾಗಿ ಎನ್ವಿಡಿಯಾ ಕಂಪನಿ ಎನ್‌ವಿಎನ್ ಅನ್ನೋ ಭಾಷೆ ಮಾಡಿಕೊಟ್ಟಿತ್ತು. "ಟ್ರ್ಯಾಕ್ಟರ್ ಇಲ್ಲಿರಲಿ, ಬಿಸಿಲು ಆ ಕಡೆಯಿಂದ ಬೀಳಲಿ" ಅಂತ ನೀವು ಒಮ್ಮೆ ಹೇಳಿದ್ರೆ ಸಾಕು, ಯಾರ ಭಾಷೆಯಲ್ಲಿ ಹೇಳಬೇಕೋ ಎಂಜಿನ್ ನೋಡಿಕೊಳ್ಳುತ್ತೆ. ಯೂನಿಟಿ, ಅನ್‌ರಿಯಲ್, ಗೊಡೋ ಮೂರರದ್ದೂ ಮುಖ್ಯ ಕೆಲಸ ಇದೇ.

ಆದರೆ ಅನುವಾದ ಆದ ಮೇಲೂ ಕೆಲಸ ಉಳಿಯುತ್ತೆ. ಶೇಡರ್ ಅಂತ ಒಂದಿದೆ. ಪರದೆಯ ಒಂದೊಂದು ಚುಕ್ಕಿಗೆ ಯಾವ ಬಣ್ಣ ಅಂತ ಲೆಕ್ಕ ಹಾಕೋ ಸಣ್ಣ ಪ್ರೋಗ್ರಾಮ್. ನಿಮ್ಮ ಫೋನ್‌ನಲ್ಲಿ ಅಡ್ರಿನೊ ಚಿಪ್ ಇರಬಹುದು, ಗೆಳೆಯನ ಫೋನ್‌ನಲ್ಲಿ ಮಾಲಿ ಇರಬಹುದು. ಹಂಗಾಗಿ ಶೇಡರನ್ನ ಆ ಚಿಪ್‌ಗೆ ಹೊಂದಿಸೋ ಕೊನೇ ಹಂತ ಫೋನ್‌ನಲ್ಲೇ ನಡೆಯುತ್ತೆ. ಹೊಸ ಲೆವೆಲ್ ಶುರುವಾದಾಗ ಗೇಮ್ ಒಂದು ಕ್ಷಣ ತಡವರಿಸುತ್ತಲ್ಲ, ಎಷ್ಟೋ ಸಲ ಅದಕ್ಕೆ ಕಾರಣ ಇದು. ಕನ್ಸೋಲಿನಲ್ಲಿ ಎಲ್ಲರ ಮನೆಯಲ್ಲೂ ಒಂದೇ ಚಿಪ್. ಅದಕ್ಕೆ ಶೇಡರನ್ನ ಗೇಮ್ ತಯಾರಿಸುವಾಗಲೇ ಹೊಂದಿಸಿ ಕಳಿಸಬಹುದು.

ಈ ಅನುಕೂಲವೇ ಹೊಸ ಕನ್ಸೋಲ್ ಬಂದಾಗ ತೊಡಕಾಗುತ್ತೆ. ಮೊದಲ ಸ್ವಿಚ್ ಬಂದಿದ್ದು 2017ರ ಮಾರ್ಚ್ 3ರಂದು, ಸ್ವಿಚ್ 2 ಬಂದಿದ್ದು 2025ರ ಜೂನ್ 5ರಂದು. ಎರಡರಲ್ಲೂ ಎನ್ವಿಡಿಯಾ ಚಿಪ್ಪೇ, ಆದರೆ ತಲೆಮಾರು ಬೇರೆ. ಹಳೇ ಚಿಪ್‌ಗೆ ಹೊಂದಿಸಿಟ್ಟ ಗೇಮ್ ಹೊಸದಕ್ಕೆ ನೇರವಾಗಿ ಅರ್ಥ ಆಗಲ್ಲ. ಅದಕ್ಕೆ ಸ್ವಿಚ್ 2 ಹಳೇ ಗೇಮ್‌ಗಳನ್ನ ಆಡ್ತಾ ಆಡ್ತಾನೇ ಹೊಸ ಚಿಪ್‌ಗೆ ಬದಲಾಯಿಸಿಕೊಳ್ಳುತ್ತೆ.

ಇನ್ನು ಡೆವಲಪರ್ ಟೂಲ್ಸ್. ಇಲ್ಲಿ ಮುಖ್ಯವಾದದ್ದು ಪ್ರೊಫೈಲರ್. ಸೆಕೆಂಡಿಗೆ 60 ಚಿತ್ರ ಬೇಕಂದ್ರೆ ಒಂದು ಚಿತ್ರಕ್ಕೆ ಸಿಗೋ ಸಮಯ 16.6 ಮಿಲಿಸೆಕೆಂಡ್. ನಾನು ಬಿಕಾಂ ಓದಿದವನು, ನನಗಿದು ಬಜೆಟ್ ಥರಾನೇ ಕಾಣುತ್ತೆ. ನೆರಳಿಗೆ ಇಷ್ಟು, ಧೂಳಿಗೆ ಇಷ್ಟು, ಟ್ರ್ಯಾಕ್ಟರ್ ಗಾಲಿಗೆ ಇಷ್ಟು ಅಂತ ಹಂಚಬೇಕು. ಎಲ್ಲಿ ಹೆಚ್ಚು ಖರ್ಚಾಯ್ತು ಅಂತ ಪ್ರೊಫೈಲರ್ ತೋರಿಸುತ್ತೆ. ಮೊದಲ ಸ್ವಿಚ್‌ನಲ್ಲಿ ಮೆಮೊರಿ 4 ಜಿಬಿ, ಸ್ವಿಚ್ 2ರಲ್ಲಿ 12 ಜಿಬಿ. ಬಜೆಟ್ ದೊಡ್ಡದಾಯ್ತು, ಲೆಕ್ಕ ತಪ್ಪಲಿಲ್ಲ.

ಈಗ ಆ ಕಾಣದ ಆಪ್ಷನ್ನಿಗೆ ಬರೋಣ. ನಮ್ಮ ಕಡೆ ಹೊಲದಲ್ಲಿ ಕಬ್ಬು ಬಂದು ನಿಂತಿದ್ರೂ, ಟ್ರ್ಯಾಕ್ಟರ್ ಬಾಗಿಲಲ್ಲೇ ಇದ್ರೂ, ಫ್ಯಾಕ್ಟರಿಯಿಂದ ಕಟಾವಿಗೆ ಪರವಾನಗಿ ಬರೋತನಕ ಕಡಿಯೋ ಹಾಗಿಲ್ಲ. ಕನ್ಸೋಲಿನದ್ದೂ ಅದೇ ಕಥೆ. ಮೊದಲು ಆ ಕಂಪನಿಯಲ್ಲಿ ಡೆವಲಪರ್ ಅಂತ ನೋಂದಣಿ ಮಾಡಿಸಬೇಕು, ಒಪ್ಪಿಗೆ ಸಿಗಬೇಕು, ಗುಟ್ಟು ಬಿಟ್ಟುಕೊಡಲ್ಲ ಅನ್ನೋ ಕರಾರಿಗೆ ಸಹಿ ಹಾಕಬೇಕು. ಆಮೇಲೆ ಎಸ್‌ಡಿಕೆ, ಅಂದ್ರೆ ಆ ಯಂತ್ರಕ್ಕೆ ಗೇಮ್ ಕಟ್ಟೋ ಸಾಧನಗಳ ಗಂಟು, ಜೊತೆಗೆ ಪರೀಕ್ಷೆ ಮಾಡೋ ಡೆವ್‌ಕಿಟ್. ಅಂಗಡಿಯಲ್ಲಿ ಕೊಂಡ ಸ್ವಿಚ್‌ನಲ್ಲಿ ಆ ಕೆಲಸ ಆಗಲ್ಲ. ಯೂನಿಟಿ ಮತ್ತು ಅನ್‌ರಿಯಲ್‌ನ ಕನ್ಸೋಲ್ ಭಾಗ ಕೂಡ ಈ ಒಪ್ಪಿಗೆ ಇದ್ದವರಿಗೇ ಕೊಡೋದು.

ಗೊಡೋ ವಿಷಯ ಇನ್ನೂ ಬೇರೆ. 2014ರಲ್ಲಿ ಅದರ ಕೋಡ್ ಬಹಿರಂಗ ಆಯ್ತು, ಯಾರು ಬೇಕಾದ್ರೂ ನೋಡಬಹುದು, ಬಳಸಬಹುದು. ಕನ್ಸೋಲಿನ ಗುಟ್ಟಿನ ಕೋಡನ್ನ ಅಂಥ ಬಯಲಲ್ಲಿ ಇಡೋಕೆ ಕರಾರು ಬಿಡಲ್ಲ. ನಿನಗೆ ಆಪ್ಷನ್ ಕಾಣದಿರೋದು ಇದಕ್ಕೇ, ತಮ್ಮಾ. ಗೊಡೋ ಹುಟ್ಟುಹಾಕಿದವರಲ್ಲಿ ಒಬ್ಬರೂ ಸೇರಿ ಕಟ್ಟಿದ ಡಬ್ಲ್ಯು4 ಗೇಮ್ಸ್ ಅನ್ನೋ ಕಂಪನಿ, ಒಪ್ಪಿಗೆ ಪಡೆದ ಡೆವಲಪರ್‌ಗಳಿಗೆ ಆ ಭಾಗವನ್ನ ದುಡ್ಡಿಗೆ ಕೊಡುತ್ತೆ.

ಕೊನೇ ಗೇಟು ಪರೀಕ್ಷೆಯದ್ದು. ನಿಂಟೆಂಡೊದಲ್ಲಿ ಇದಕ್ಕೆ ಲಾಟ್‌ಚೆಕ್ ಅಂತಾರೆ. ಆಡುವಾಗ ಕಂಟ್ರೋಲರ್ ಕೈಕೊಟ್ರೆ ಏನಾಗುತ್ತೆ, ಸ್ಲೀಪ್‌ಗೆ ಹೋಗಿ ಎದ್ರೆ ಗೇಮ್ ನಿಲ್ಲುತ್ತಾ, ಇಂಥವನ್ನೆಲ್ಲ ನೋಡ್ತಾರೆ.

ಇದೆಲ್ಲ ನಮ್ಮಂಥವರಿಗೆ ಆಗೋದಾ? ಹತ್ತರಗಿ ಟೋಲ್ ನಾಕಾದಲ್ಲಿ ನಿಂತು ಎರಡೂ ಕಡೆ ನೋಡ್ರಿ. ಒಂದು ಕಡೆ ಬೆಂಗಳೂರು. ಅಲ್ಲಿ 1997ರಲ್ಲೇ ರಾಜೇಶ್ ರಾವ್ ಧ್ರುವ ಇಂಟರಾಕ್ಟಿವ್ ಶುರು ಮಾಡಿದ್ರು. ಹೊರದೇಶದ ದೊಡ್ಡ ಗೇಮ್‌ಗಳಿಗೆ ಕಲಾಕೆಲಸ ಮಾಡಿಕೊಡ್ತಾ ಬೆಳೆದ ಆ ಕಂಪನಿಯನ್ನ 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಇನ್ನೊಂದು ಕಡೆ ಪುಣೆ. ಅಲ್ಲಿನ ನಾಡಿಂಗ್ ಹೆಡ್ಸ್ ಗೇಮ್ಸ್ ಅನ್ನೋ ಸಣ್ಣ ತಂಡ ಅನ್‌ರಿಯಲ್ ಎಂಜಿನ್‌ನಲ್ಲಿ 'ರಾಜಿ' ಗೇಮ್ ಕಟ್ಟಿತು. ಜನರಿಂದ ದುಡ್ಡು ಕೂಡಿಸೋ ಪ್ರಯತ್ನ ಗುರಿ ಮುಟ್ಟಲಿಲ್ಲ, ಆದ್ರೂ ಬಿಡಲಿಲ್ಲ. 2020ರ ಆಗಸ್ಟ್‌ನಲ್ಲಿ ಗೇಮ್ ಮೊದಲು ಬಂದಿದ್ದು ಸ್ವಿಚ್‌ಗೆ, ಬೇರೆ ಕನ್ಸೋಲ್‌ಗಳಿಗೂ ಕಂಪ್ಯೂಟರಿಗೂ ಅಕ್ಟೋಬರ್‌ನಲ್ಲಿ.

ಒಂದು ಎಚ್ಚರಿಕೆ ಹೇಳಲೇಬೇಕು. ಎಂಜಿನ್ ಅಂದ್ರೆ ಅಡತಿ ಅಂಗಡಿ ಇದ್ದಂಗೆ, ಕಮಿಷನ್ ಓದಿ ವ್ಯವಹಾರ ಮಾಡ್ರಿ. ಅನ್‌ರಿಯಲ್‌ನಲ್ಲಿ ಒಂದು ಗೇಮಿನ ಗಳಿಕೆ 10 ಲಕ್ಷ ಡಾಲರ್ ದಾಟಿದ ಮೇಲೆ 5 ಪರ್ಸೆಂಟ್. ಯೂನಿಟಿ 2023ರ ಸೆಪ್ಟೆಂಬರ್‌ನಲ್ಲಿ, ಒಂದು ಮಿತಿ ದಾಟಿದ ಗೇಮ್‌ಗಳಿಗೆ ಪ್ರತಿ ಇನ್‌ಸ್ಟಾಲ್ ಮೇಲೆ ಶುಲ್ಕ ಅಂತ ಘೋಷಿಸಿತು. ಗಳಿಕೆ ಮೇಲೆ ಕಮಿಷನ್ ಕೊಡೋದು ಒಂದು ಲೆಕ್ಕ, ದುಡ್ಡು ಬರಲಿ ಬಿಡಲಿ ಇನ್‌ಸ್ಟಾಲ್ ಎಣಿಸೋದು ಇನ್ನೊಂದು ಲೆಕ್ಕ. ಡೆವಲಪರ್‌ಗಳು ತಿರುಗಿಬಿದ್ರು. ಒಂದು ವರ್ಷ ಆದ ಮೇಲೆ ಕಂಪನಿ ಅದನ್ನ ಕೈಬಿಟ್ಟಿತು. ಆದರೆ ಆ ಹೊತ್ತಿಗೆ ನಾಲ್ಕೈದು ವರ್ಷದ ಕೆಲಸ ಒಂದೇ ಎಂಜಿನ್ನಿಗೆ ಕಟ್ಟಿಕೊಂಡಿದ್ದವರ ಸ್ಥಿತಿ ಯೋಚಿಸ್ರಿ.

ಹಂಗಾದ್ರೆ ಈಗ ಏನು ಮಾಡಬೇಕು? ಒಂದು, ಮನೆಯಲ್ಲಿರೋ ಅತಿ ಹಳೇ ಫೋನ್‌ನಲ್ಲಿ ಗೇಮ್ ತಡವರಿಸದೆ ಓಡೋ ಹಂಗೆ ಮಾಡು. ಬಜೆಟ್ ಕಲಿಯೋಕೆ ಡೆವ್‌ಕಿಟ್ ಬೇಕಿಲ್ಲ. ಎರಡು, ಟಚ್ ಜೊತೆಗೆ ಕಂಟ್ರೋಲರಿಗೂ ಈಗಲೇ ಜಾಗ ಇಡು. ಟಿವಿಗೆ ಜೋಡಿಸಿದ ಕನ್ಸೋಲಿನ ಪರದೆ ಮೇಲೆ ಬೆರಳಾಡಿಸೋಕಾಗಲ್ಲ. ಮೂರು, ಗೇಮ್ ಪೂರ್ತಿ ಮುಗಿಸಿ ಕಂಪ್ಯೂಟರಿಗೆ ಬಿಡು. ಸ್ಟೀಮ್‌ನಲ್ಲಿ ಒಂದು ಗೇಮ್ ಹಾಕೋಕೆ ಶುಲ್ಕ 100 ಡಾಲರ್. ಅಲ್ಲಿ ಬಂದ ಗೇಮನ್ನ ಕೈಯಲ್ಲಿ ಹಿಡಿದು ಆಡೋ ಸ್ಟೀಮ್ ಡೆಕ್‌ನಲ್ಲೂ ಆಡಬಹುದು, ಅದಕ್ಕೆ ಬೇರೆ ಪರವಾನಗಿ ಬೇಡ. ನಾಳೆ ಕನ್ಸೋಲ್ ಕಂಪನಿಗೆ ಅರ್ಜಿ ಹಾಕುವಾಗ "ಐಡಿಯಾ ಇದೆ" ಅನ್ನೋದಕ್ಕಿಂತ "ಇದು ನನ್ನ ಗೇಮ್, ಆಡಿ ನೋಡ್ರಿ" ಅನ್ನೋದಕ್ಕೆ ತೂಕ ಜಾಸ್ತಿ.

ಇನ್ನೂ ಶುರು ಮಾಡದೇ ಇರೋರಿಗೆ ಒಂದು ಮಾತು. ಗೊಡೋ ಎಡಿಟರ್ ಆಂಡ್ರಾಯ್ಡ್ ಫೋನ್‌ನಲ್ಲೇ ಓಡುತ್ತೆ, ದುಡ್ಡು ಕೊಡಬೇಕಿಲ್ಲ. ಲ್ಯಾಪ್‌ಟಾಪ್ ಇಲ್ಲ ಅಂತ ಕಾಯಬೇಡ್ರಿ.

ತಮ್ಮಾ, ನಿನ್ನ ಟ್ರ್ಯಾಕ್ಟರ್ ಗೇಮಿನ ಫೈಲ್ ಕಳಿಸು. ನನ್ನ ಹಳೇ ಫೋನ್‌ನಲ್ಲಿ ಹಾಕಿ, ಎಲ್ಲಿ ತಡವರಿಸ್ತು ಅಂತ ಮುಂದಿನ ಎಪಿಸೋಡಿನಲ್ಲಿ ಹೇಳ್ತೀನಿ. ಬರ್ತೀನ್ರಿ.