ನಿಮಗಿದು ಗೊತ್ತೆ? ಗೌರಿಬಿದನೂರಿನ ದೂರದರ್ಶಕಕ್ಕೆ ಬಟ್ಟಲೇ ಇಲ್ಲ!

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ ಹೊಲದ ನಡುವೆ ಕಂಬ ನೆಟ್ಟು, ತಂತಿ ಕಟ್ಟಿ ಒಂದು ರೇಡಿಯೊ ದೂರದರ್ಶಕ ಮಾಡಿದ್ದರು. ಬಟ್ಟಲಿನಂಥ ಡಿಶ್ ಇಲ್ಲ, ಮಸೂರವಿಲ್ಲ. ಇದ್ದದ್ದು 1000 ಡೈಪೋಲ್ ಆಂಟೆನಾ, ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ. ಪೂರ್ವ-ಪಶ್ಚಿಮದ ತೋಳೊಂದೇ 1.4 ಕಿ.ಮೀ. ಉದ್ದ!

ಇದು ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್‌ನ ತಗ್ಗು ಕಂಪನಾಂಕದ ಅಲೆಗಳನ್ನು. ಒಂದೊಂದು ಅಲೆಯ ಉದ್ದ ಸುಮಾರು 8.7 ಮೀಟರ್. ದಿಕ್ಕು ಬದಲಿಸಲು ಯಾವ ಕಂಬವನ್ನೂ ಅಲುಗಾಡಿಸಬೇಕಿರಲಿಲ್ಲ. ಒಂದೊಂದು ಸಾಲಿನ ಸಂಕೇತವನ್ನು ತುಸು ತಡವಾಗಿಸಿ ಕೂಡಿಸಿದರೆ ಸಾಕು, ನೋಟ ಬೇರೆಡೆಗೆ ಹೊರಳುತ್ತಿತ್ತು. ಹೀಗೆ ಆಕಾಶದ ಬಹುಭಾಗವನ್ನು ಜಾಲಾಡಿ ತಯಾರಿಸಿದ ರೇಡಿಯೊ ನಕ್ಷೆ 1990ರಲ್ಲಿ ಪ್ರಕಟವಾಯಿತು. ನಮ್ಮ ಜಿಲ್ಲೆ ಹೆಮ್ಮೆಪಡಬೇಕಾದ ಕೆಲಸ ಇದು.

ಅದೇ ಆವರಣದಲ್ಲಿ 1997ರಿಂದ ಸೂರ್ಯನಿಗೆಂದೇ ಇನ್ನೊಂದು ಆಂಟೆನಾ ಸಾಲು ಇದೆ. ಮನೆಯ ತಾರಸಿಯ ಮೇಲಿದ್ದ ಹಳೇ ಟಿವಿ ಆಂಟೆನಾದಂತೆ ಕಾಣುವ ಇವು ಸೂರ್ಯನ ರೇಡಿಯೊ ಅಲೆಗಳನ್ನು ಹಿಡಿದು ಅದರ ಕರೋನಾದ, ಅಂದರೆ ಹೊರ ವಾತಾವರಣದ, ಚಿತ್ರ ಕೊಡುತ್ತವೆ.

ಸೂರ್ಯನ ಇಂಥ ರೇಡಿಯೊ ಅಲೆಗಳನ್ನು ಸದ್ದಿನ ರೂಪದಲ್ಲಿ ವಿಜ್ಞಾನಿಗಳಿಗಿಂತ ಮೊದಲೇ ಕಿವಿಗೊಟ್ಟು ಕೇಳಿದವರು ಹ್ಯಾಮ್ ರೇಡಿಯೊ ಹವ್ಯಾಸಿಗಳು. 1930ರ ದಶಕದಲ್ಲಿ 28 ಮೆಗಾಹರ್ಟ್ಸ್ ಸುಮಾರಿನಲ್ಲಿ ಗೆಳೆಯರೊಡನೆ ಹರಟುವಾಗ, ಮಾತಿನ ನಡುವೆ 'ಸ್ಸ್' ಎಂಬ ಸದ್ದು ನುಗ್ಗುತ್ತಿತ್ತು. ಅದು ಸೂರ್ಯನದೇ ಇರಬೇಕೆಂದು ಅವರಲ್ಲಿ ಕೆಲವರು ಆಗಲೇ ಊಹಿಸಿದ್ದರು.